ಕರಿಮೆಣಸಿನ ಬಳ್ಳಿ

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಅರಣ್ಯಗಳಲ್ಲಿ ಬಿತ್ತುವವರಿಲ್ಲದೆ ಹುಟ್ಟಿ, ಹೆಮ್ಮರಗಳ ಕಾಂಡವನ್ನು ಗಿಣ್ಣುಬೇರುಗಳಿಂದ ಅಪ್ಪಿ ಮೇಲೇರಿ, ಇಳಿಬಿದ್ದ ಕದಿರುಗಳಲ್ಲಿ ಕೆಂಪು ಹಣ್ಣುಗಳನ್ನು ತಳೆಯುವ ಬಹುವಾರ್ಷಿಕ ಲತೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಪೈಪರ್ ನೈಗ್ರಮ್ ಎಂಬ ನಾಮಧೇಯವನ್ನು 1753ರಲ್ಲಿ ಕೊಟ್ಟವನು ಲಿನೇಯಸ್, ಕುಟುಂಬ ಪೈಪರೇಸೀ, ವೀಳ್ಯದೆಲೆಯ ಬಳ್ಳಿಯೂ ಹಿಪ್ಪಲಿಯೂ ಇದರ ದಾಯಾದಿಗಳು. ಘಟ್ಟದ ಮೇಲಣವರು ಕಾಳುಮೆಣಸು ಎಂದೂ, ಕರಾವಳಿಯವರು ಒಳ್ಳೆಮೆಣಸು ಎಂದೂ, ತುಳುವರು ಎಡ್ಡೆಮುಂಚಿ ಎಂದೂ, ವೈದ್ಯಗ್ರಂಥಗಳು ಮರೀಚವೆಂದೂ ಕರೆಯುವುದು ಇದನ್ನೇ. ವಿಯೆಟ್ನಾಂ, ಬ್ರೆಜಿಲ್, ಇಂಡೊನೇಷ್ಯಗಳಲ್ಲಿ ಇಂದು ವಿಸ್ತಾರವಾಗಿ ಬೆಳೆಯುತ್ತಿರುವ ಮೆಣಸಿಗೆ, ಅದರಲ್ಲೂ ಉತ್ಪಾದನೆಯಲ್ಲಿ ಜಗತ್ತಿಗೇ ಅಗ್ರಸ್ಥಾನದಲ್ಲಿರುವ ವಿಯೆಟ್ನಾಮಿನ ಮೆಣಸಿಗೂ, ಮೂಲ ತವರು ಈ ಘಟ್ಟಶ್ರೇಣಿಯೇ. ಭಾರತದಲ್ಲಿ ದೀರ್ಘಕಾಲ ಕೇರಳಕ್ಕೆ ಮೀಸಲಾಗಿದ್ದ ಮೊದಲ ಸ್ಥಾನವು ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಸಂದಿದೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳ ನೆರಳುಮರಗಳೇ ಇದಕ್ಕೆ ಮುಖ್ಯ ಕಾರಣ. ತೋಟದ ಬೆಳೆಯಾಗಿ ಇಷ್ಟು ಶತಮಾನಗಳು ಕಳೆದಿದ್ದರೂ ಈ ಬಳ್ಳಿ ತನ್ನ ಕಾಡಿನ ಸ್ವಭಾವವನ್ನು ತೊರೆದಿಲ್ಲವೆಂಬುದನ್ನು ಮೊದಲು ಮನಗಾಣಬೇಕು. ಇದನ್ನು ಗುರುತಿಸುವವನಿಗೂ ಬೆಳೆಯುವವನಿಗೂ ಅಗತ್ಯವಾದ ತಿಳಿವು ಬಹುಮಟ್ಟಿಗೆ ಆ ಸ್ವಭಾವದ ತಿಳಿವೇ ಆಗಿದೆ.

ಮೆಣಸನ್ನು ತಿಂದವರೆಲ್ಲ ಮೆಣಸಿನ ಬಳ್ಳಿಯನ್ನು ಕಂಡವರಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು ತನ್ನ ನಿಸರ್ಗ ಚರಿತ್ರೆಯಲ್ಲಿ, ಕಪ್ಪು ಮೆಣಸಿಗೆ ಪೌಂಡಿಗೆ 4 ದಿನಾರಿ, ಬಿಳಿಯದಕ್ಕೆ 7, ಹಿಪ್ಪಲಿಗೆ 15 ಎಂದು ಬೆಲೆಯನ್ನು ಕರಾರುವಾಕ್ಕಾಗಿ ಬರೆದಿಟ್ಟನಾದರೂ, ಗಿಡದ ವರ್ಣನೆಗೆ ಬಂದಾಗ ಅದು ತಮ್ಮ ನಾಡಿನ ಜೂನಿಪರ್ ಮರವನ್ನು ಹೋಲುವುದೆಂದು ಹೇಳಿ ಮುಂದೆ ಸಾಗಿದನು. ಹಿಪ್ಪಲಿಯೂ ಮೆಣಸೂ ಒಂದೇ ಗಿಡದವೆಂದು ಆತ ನಂಬಿದ್ದನು. ಏಳನೆಯ ಶತಮಾನದ ಸೆವಿಲ್ಲೆಯ ಬಿಷಪ್ ಇಸಿದೋರನ ಕೋಶದಲ್ಲಿ ಮೆಣಸಿನ ಕಾಡನ್ನು ಸರ್ಪಗಳು ಕಾಯುತ್ತವೆ. ಅವುಗಳನ್ನು ಓಡಿಸಲು ಜನರು ಬೆಂಕಿಯಿಡುವುದರಿಂದ ಕಾಳು ಕಪ್ಪಾಗುತ್ತದೆ. ಸುಮಾರು ಏಳುನೂರು ವರ್ಷಗಳ ಮೇಲೆ ಹೊನ್ನಾವರದ ಮಾರ್ಗವಾಗಿ ಮಲಬಾರನ್ನು ಹೊಕ್ಕ ಇಬ್ನ್ ಬತೂತನು, ಮೆಣಸು ಬಳ್ಳಿಯೆಂಬುದನ್ನೂ, ಅದನ್ನು ತೆಂಗಿನ ಬುಡದಲ್ಲಿ ನೆಟ್ಟು ಹಬ್ಬಿಸುವರೆಂಬುದನ್ನೂ, ಕಾಳು ಸುಕ್ಕಾಗಿ ಕಪ್ಪಡರುವುದು ಬೆಂಕಿಯಿಂದಲ್ಲ, ಬಿಸಿಲಿನಿಂದ ಮಾತ್ರವೆಂಬುದನ್ನೂ ಕಣ್ಣಾರೆ ಕಂಡು ಬರೆದನು. ಗ್ರಂಥದಿಂದ ಗ್ರಂಥಕ್ಕೆ ನಕಲಾಗುತ್ತ ಬಂದ ಭ್ರಾಂತಿಯೊಂದನ್ನು ತೋಟದ ಬದಿಯಲ್ಲಿ ನಡೆದುಹೋದ ಯಾತ್ರಿಕನೊಬ್ಬ ಹೀಗೆ ಸಲೀಸಾಗಿ ನಿವಾರಿಸಿದನೆನ್ನಬೇಕು. ಶಾಸ್ತ್ರೀಯವಾದ ಸಚಿತ್ರ ವರ್ಣನೆಯು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ, ಡಚ್ ಅಧಿಕಾರಿ ವಾನ್ ರೀಡನ ಹೊರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ದೊರೆಯುತ್ತದೆ.

ವನ್ಯಮೆಣಸಿನ ನೆಲೆ ಸಮುದ್ರಮಟ್ಟದಿಂದ ಸುಮಾರು 1500 ಮೀಟರು ಎತ್ತರದವರೆಗಿನ, ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವ, ತರಗೆಲೆಯ ಗೊಬ್ಬರದಿಂದ ಹುದುಲಾದ ಕಾಡಿನ ಮಣ್ಣು. ಉತ್ತರ ಕನ್ನಡದ ಸಿರಸಿ, ಸಿದ್ದಾಪುರ, ಶಿವಮೊಗ್ಗದ ಸಾಗರ, ಸೊರಬ ಸೀಮೆಗಳಲ್ಲಿ ಊರಿಗೊಂದರಂತೆ ಕಾಪಿಟ್ಟುಕೊಂಡು ಬಂದ ದಟ್ಟ ಕಾಡಿನ ತುಣುಕಿಗೆ ಕಾನು ಎಂದು ಹೆಸರು; ಬೈನೆ, ವಾಟೆ, ಹಲಸು, ರಾಮಪತ್ರೆಗಳ ಈ ಕಾನುಗಳಲ್ಲಿ ಮೆಣಸಿನ ಬಳ್ಳಿ ಸ್ವಯಂಭುವಾಗಿ ದೊರೆಯುತ್ತಿತ್ತು. 1801ರಲ್ಲಿ ಈ ಪ್ರಾಂತ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಮೆಣಸುಕಾನುಗಳೆಂದು ಕರೆಯಲ್ಪಡುತ್ತಿದ್ದ ಇಂಥ ಕಾಡುಗಳನ್ನೂ, ಅಲ್ಲಿ ತಾನಾಗಿ ಹುಟ್ಟಿದ ಬಳ್ಳಿಗಳನ್ನು ಜನರು ಮರಗಳಿಗೆ ಹಬ್ಬಿಸಿ ಫಲ ಪಡೆಯುತ್ತಿದ್ದುದನ್ನೂ ದಾಖಲಿಸಿದನು. ಕಾಡಿಗೂ ತೋಟಕ್ಕೂ ನಡುವೆ ಗೆರೆಯೆಳೆಯಲಾಗದ ಈ ಪದ್ಧತಿಯೇ ಮೆಣಸಿನ ಕೃಷಿಯ ಮೂಲರೂಪವಾಗಿದ್ದಿರಬೇಕೆಂದು ಊಹಿಸಿದರೆ ಅದು ಅಸಂಗತವಾಗಲಾರದು.

ಈ ಕಾನುಗಳ ಬೆನ್ನಿಗೇ ಒಂದು ರಾಜ್ಯದ ಐಶ್ವರ್ಯವೂ ನಿಂತಿತ್ತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಹೆಸರಿಟ್ಟಿದ್ದರು. ಆಕೆಯ ರಾಜ್ಯವು ಕೆಳದಿಯವರ ವಶವಾದ ಮೇಲೆ, 1623ರಲ್ಲಿ, ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ಇಕ್ಕೇರಿಗೆ ಪಯಣಿಸಿದ ಇಟಲಿಯ ಪಿಯೆತ್ರೊ ದೆಲ್ಲ ವಾಲೆ ಗೇರುಸೊಪ್ಪೆಯ ಹಾಳನ್ನು ಕಂಡು, ಆ ಬಿರುದನ್ನು ತನ್ನ ಪತ್ರದಲ್ಲಿ ಸ್ಮರಿಸಿದ್ದಾನೆ. ವಾಣಿಜ್ಯ ಚರಿತ್ರೆ ಬೇರೊಂದು ಲೇಖನದ ವಿಷಯವಾದುದರಿಂದ ಇಲ್ಲಿ ಇಷ್ಟು ಸಾಕು.

ಗುರುತಿನ ಲಕ್ಷಣಗಳಿಗೆ ಬರೋಣ. ಕಾಂಡವು ಎಳೆಯದರಲ್ಲಿ ಹಸುರು, ಬಲಿತಂತೆ ಮರದಂತೆ ಗಟ್ಟಿಯಾಗಿ ಬೂದುಗಂದು. ಗಿಣ್ಣುಗಳು ಸ್ಫುಟವಾಗಿ ಉಬ್ಬಿರುತ್ತವೆ. ಎಲೆಗಳು ಗಿಣ್ಣಿಗೊಂದರಂತೆ ಪರ್ಯಾಯವಾಗಿ ಹೊರಡುವುವು. ಅಂಡಾಕಾರ, ಚೂಪುತುದಿ, 10ರಿಂದ 15 ಸೆಂಟಿಮೀಟರು ಉದ್ದ, ದಪ್ಪವೂ ನುಣುಪೂ ಆದ ಕಡುಹಸುರು ಮೇಲ್ಮೈ, ತುಸು ಬಿಳಿಚಿದ ಅಡಿಭಾಗ. ಬುಡದಿಂದಲೂ ಬುಡಕ್ಕೆ ಸಮೀಪದಿಂದಲೂ ಹೊರಟು ತುದಿಯತ್ತ ಬಾಗುವ ಐದರಿಂದ ಒಂಬತ್ತು ಪ್ರಧಾನ ಸಿರೆಗಳು. ಆದರೆ ಎಲೆಯನ್ನೊಂದನ್ನೇ ನೆಚ್ಚಿ ನಿರ್ಣಯಿಸುವವನು ಮೋಸಹೋಗುವುದು ಸುಲಭ; ಏಕೆಂದರೆ ಒಂದೇ ಬಳ್ಳಿಯ ನೆಲಕ್ಕೆ ಹತ್ತಿರದ ಎಲೆ ಹೃದಯಾಕಾರವಾಗಿಯೂ ಮೇಲಣ ಫಲಶಾಖೆಯ ಎಲೆ ಕಿರಿದಾಗಿ ಓರೆಬುಡದ್ದಾಗಿಯೂ ಇರಬಹುದು. ನಂಬತಕ್ಕ ಲಕ್ಷಣವೆಂದರೆ ಕದಿರಿನ ಸ್ಥಾನ. ಬಹುಪಾಲು ಗಿಡಗಳಲ್ಲಿ ಹೂವು ಎಲೆಯ ಕಂಕುಳಿನಿಂದ ಹುಟ್ಟುವುದು ವಾಡಿಕೆ. ಮೆಣಸಿನಲ್ಲಾದರೋ ಅದು ಎಲೆಯ ಎದುರುಬದಿಯಿಂದ, ಗಿಣ್ಣಿನ ಆಚೆಯ ಮಗ್ಗುಲಿನಿಂದ ಹೊರಟು ಕೆಳಕ್ಕೆ ಜೋಲುವುದು. ತೋಟಿಗರು ಕರೆಯೆಂದೂ ಗೆರೆಯೆಂದೂ ಹೇಳುವ ಈ ಕದಿರಿನ ಮೇಲೆ ದಳಪುಷ್ಪಪತ್ರಗಳಿಲ್ಲದ, ಬರಿಗಣ್ಣಿಗೆ ಹೂವೆಂದೇ ತೋರದ, ಅತಿಸೂಕ್ಷ್ಮ ಪುಷ್ಪಗಳು ಒತ್ತಾಗಿ ಕೂತಿರುವುವು. ಫಲಕ್ಕೆ ತೊಟ್ಟಿಲ್ಲ, ಕದಿರಿನ ಅಕ್ಷಕ್ಕೆ ನೇರವಾಗಿ ಅಂಟಿಕೊಂಡ, ಒಂದೇ ಬೀಜದ, ತೆಳು ತಿರುಳಿನ ಗುಂಡು ಹಣ್ಣು ಹಸುರಿನಿಂದ ಹಳದಿಗೂ ಕಿತ್ತಳೆಗೂ ತಿರುಗಿ ಕಡೆಗೆ ಕೆಂಪಾಗುತ್ತದೆ. ರೂಢಿಯಲ್ಲಿ ಇದನ್ನು ಬೆರಿಗಳ ಸಾಲಿಗೆ ಸೇರಿಸುವರಾದರೂ ಒಳಗಿನ ಗಟ್ಟಿ ಕವಚವನ್ನು ಲಕ್ಷಿಸಿದ ಶಾಸ್ತ್ರಜ್ಞರು ಅಷ್ಟಿಫಲವೆನ್ನುವರು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಳ್ಳಿಯ ಕವಲುಗಳ ಬಹುರೂಪತೆ. ಇದನ್ನು ತಿಳಿಯದವನಿಗೆ ಮುಂದಿನ ಕೃಷಿಭಾಗ ಅರ್ಥವಾಗದು. ನೆಟ್ಟಗೆ ಮೇಲೇರುವ ಮುಖ್ಯಕಾಂಡವು ಪ್ರತಿ ಗಿಣ್ಣಿನಲ್ಲೂ ಗಿಡ್ಡ ಬೇರುಗಳನ್ನು ಬಿಟ್ಟು ತೊಗಟೆಯನ್ನು ಹಿಡಿಯುವುದು. ಅದು ಎಂದೂ ಹೂ ಬಿಡದು. ಅದರ ಕಂಕುಳುಗಳಿಂದ ಅಡ್ಡಕ್ಕೆ ಚಾಚುವ ಪಾರ್ಶ್ವಶಾಖೆಗಳಿಗೆ ಹಿಡಿಯುವ ಬೇರಿಲ್ಲ, ಫಲವೆಲ್ಲ ಅವುಗಳದ್ದೇ. ಬುಡದಿಂದ ಹೊರಟು ನೆಲದ ಮೇಲೆ ಹರಿದಾಡುವ ಹಬ್ಬುಬಳ್ಳಿಗಳು ಮೂರನೆಯ ಬಗೆ. ಇವು ಕಾಡಿನಲ್ಲಿ ತರಗೆಲೆಯ ನಡುವೆ ಸಾಗಿ ಮತ್ತೊಂದು ಮರದ ಬುಡವನ್ನು ಸೋಕಿದೊಡನೆ ಏರುಕಾಂಡಗಳಾಗಿ ಮಾರ್ಪಡುತ್ತವೆ. ತುದಿಯಿಂದ ಆಸರೆ ತಪ್ಪಿ ನೇತುಬೀಳುವ ಕುಡಿಗಳೂ ಉಂಟು. ಒಂದೇ ಲತೆಯ ಈ ನಾಲ್ಕು ಅಂಗಗಳಲ್ಲಿ ಪಾರ್ಶ್ವಶಾಖೆಯು, ಕತ್ತರಿಸಿ ನೆಟ್ಟರೆ, ಮರವೇರದ ತನ್ನ ಗುಣವನ್ನೇ ಮುಂದುವರಿಸಿಕೊಂಡು ಹೋಗುವುದೆಂಬುದು ವಿಸ್ಮಯದ ಸಂಗತಿ.

ಕಾಡಿನಲ್ಲಿ ಮೆಣಸನ್ನು ಹೋಲುವ ಲತೆಗಳು ಕೆಲವುಂಟು. ವೀಳ್ಯದೆಲೆಯ ಬಳ್ಳಿಯ ಎಲೆ ಮೆತ್ತಗೆ, ಹಿಸುಕಿದರೆ ಪರಿಚಿತವಾದ ಪರಿಮಳ. ನಮ್ಮ ಎಲೆತೋಟಗಳಲ್ಲಿ ಅದು ಕಾಯಿ ಕಚ್ಚುವುದು ಅಪರೂಪ, ಕಚ್ಚಿದರೂ ಹಣ್ಣುಗಳು ಒಂದರೊಳಗೊಂದು ಬೆಸೆದು ತಿರುಳಿನ ದಿಂಡಾಗಿರುತ್ತವೆಯೇ ಹೊರತು ಬಿಡಿಕಾಳಾಗಿ ತೋರವು. ಹಿಪ್ಪಲಿಯು ಮರವೇರುವುದಕ್ಕಿಂತ ನೆಲ ಹಿಡಿಯುವುದೇ ಹೆಚ್ಚು. ಅದರ ಕದಿರು ಜೋಲದೆ ನೆಟ್ಟಗೆ ನಿಲ್ಲುವುದು, ಮೇಲಣ ಎಲೆಗಳು ತೊಟ್ಟಿಲ್ಲದೆ ಕಾಂಡವನ್ನು ತಬ್ಬುವುವು. ಎತ್ತರದ ಶೋಲಾ ಕಾಡುಗಳ ಪೈಪರ್ ಮುಲ್ಲೆಸುವಾದ ಕದಿರು ಗಿಡ್ಡ, ಹೆಚ್ಚುಕಡಮೆ ಗುಂಡು. ಪೈಪರ್ ಅಟೆನುವೇಟಮ್, ಪೈಪರ್ ಆರ್ಜಿರೊಫಿಲಮ್ ಎಂಬಿವುಗಳದು ದಾರದಂತೆ ಸಪುರ. ಪೈಪರ್ ಹೈಮನೊಫಿಲಮಿನ ಎಲೆ ಕಾಂಡಗಳ ಮೇಲೆ ರೋಮಗಳುಂಟು. ಪೈಪರ್ ಗ್ಯಾಲಿಯೇಟಮ್ ಮಾತ್ರ ಮೆಣಸಿಗೆ ಬಹು ಸಮೀಪವಾಗಿ ತೋರುವುದಾದರೂ ಅದರ ಹೂಗಳ ಬುಡದ ಕಿರುಪತ್ರಗಳು ಕೂಡಿ ಬಟ್ಟಲಾಗಿರುವುದರಿಂದ ಭೂತಗನ್ನಡಿ ಹಿಡಿದವನಿಗೆ ಸಂದೇಹ ಉಳಿಯದು. ಕುಟುಂಬವೇ ಬೇರೆಯಾದರೂ ಹೊಸಬರನ್ನು ಅತಿಯಾಗಿ ತಪ್ಪುದಾರಿಗೆಳೆಯುವುದು ಕೆಸುವಿನ ಬಳಗದ ಅಡಕೆಬೀಳು. ಅದೂ ಬೇರೂರಿಯೇ ಮರವೇರುತ್ತದೆ, ಅದರ ಹಣ್ಣೂ ಕೆಂಪೇ. ಆದರೆ ಅದರ ಎಲೆತೊಟ್ಟು ಚಪ್ಪಟೆಯಾಗಿ ಅಗಲಗೊಂಡು, ಒಂದು ಎಲೆಯ ಮೇಲೆ ಇನ್ನೊಂದು ಎಲೆಯನ್ನು ಜೋಡಿಸಿದಂತೆ ಕಾಣುವುದು. ಗಿಣ್ಣೂ ಮೆಣಸಿನಂತೆ ಉಬ್ಬಿರದು. ಎಳೆಯ ಬಳ್ಳಿಯ ವಿಷಯದಲ್ಲಿ ಎಲೆಯ ತುಣುಕನ್ನು ಉಜ್ಜಿ ಮೂಸಿದರೆ ಮೆಣಸಿನ ವಾಸನೆ ಬಂದೀತು; ಅಪರಿಚಿತ ಹಣ್ಣನ್ನು ಬಾಯಿಗೆ ಹಾಕಿ ಪರೀಕ್ಷಿಸುವುದು ಮಾತ್ರ ಸಲ್ಲದು.

ವನ್ಯಮೆಣಸಿಗೂ ತೋಟದ ಮೆಣಸಿಗೂ ಇರುವ ಪ್ರಧಾನ ಭೇದ ಲಿಂಗಕ್ಕೆ ಸಂಬಂಧಿಸಿದ್ದು. ಕಾಡಿನ ಬಳ್ಳಿಗಳಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ ಇರುವುದೇ ಹೆಚ್ಚು. ತೋಟದ ತಳಿಗಳ ಕದಿರಿನಲ್ಲಿ ಬಹುತೇಕ ಹೂಗಳು ದ್ವಿಲಿಂಗಿಗಳು. ಹೆಚ್ಚು ಕಾಳು ಕಟ್ಟುವ ಬಳ್ಳಿಯ ಕುಡಿಯನ್ನೇ ಆರಿಸಿ ನೆಡುತ್ತ ಬಂದ ಅಜ್ಞಾತ ಬೇಸಾಯಗಾರರ ತಲೆಮಾರುಗಳ ಆಯ್ಕೆಯ ಫಲವಿದು. ಹೂ ಅರಳುವುದು ಮುಂಗಾರಿನ ಮೊದಲ ಮಳೆಗಳ ಹಿಂದೆಯೇ. ಕದಿರಿನಲ್ಲಿ ಶಲಾಕಾಗ್ರಗಳು ಮೊದಲು ಸಿದ್ಧವಾಗಿ, ಪರಾಗಕೋಶಗಳು ಅನಂತರ ಒಡೆಯುವುವು. ಜೋಲುವ ಕದಿರಿನ ಮೇಲೆ ಹರಿದಿಳಿಯುವ ಮಳೆಹನಿಗಳು ಪರಾಗವನ್ನು ಕೆಳಗಿನ ಹೂಗಳಿಗೆ ಹರಡಲು ನೆರವಾಗುತ್ತವೆ. ಆದುದರಿಂದಲೇ ಹೂ ಬಿಟ್ಟ ಹೊತ್ತಿನಲ್ಲಿ ಮಳೆ ದೀರ್ಘವಾಗಿ ಕೈಕೊಟ್ಟರೆ ಕಾಳು ಕಟ್ಟದೆ ಕದಿರು ಉದುರುವುದನ್ನು ಮಲೆನಾಡಿನವರೆಲ್ಲ ಬಲ್ಲರು. ಹಣ್ಣಾದ ಕಾಳನ್ನು ಕುಟುರ, ಪಿಕಳಾರ ಮೊದಲಾದ ಹಕ್ಕಿಗಳು ತಿಂದು ಬೀಜವನ್ನು ದೂರ ಚೆಲ್ಲುವುವು. ಕಾನುಗಳಲ್ಲಿ ಬಳ್ಳಿ ಹರಡುವುದು ಹೀಗೆ.

ಬೀಜದಿಂದ ಮೆಣಸನ್ನು ಬೆಳೆಸುವುದು ಅಸಾಧ್ಯವೇನೂ ಅಲ್ಲ. ಆದರೆ ಒಣಗಿದ ಬೀಜ ಬೇಗ ಸತ್ತ್ವಗೆಡುವುದು, ಹುಟ್ಟಿದ ಸಸಿ ತಾಯಿಯ ಗುಣವನ್ನು ಹಿಡಿಯದು, ಫಲಕ್ಕೆ ಬರಲು ಹಲವು ವರ್ಷ ತೆಗೆದುಕೊಳ್ಳುವುದು. ಆದುದರಿಂದ ತಳಿಸಂವರ್ಧಕರ ಹೊರತು ಮಿಕ್ಕವರು ಕುಡಿಗಳನ್ನೇ ಆಶ್ರಯಿಸತಕ್ಕದ್ದು. ಯಾವ ಕುಡಿ ಎಂಬುದೇ ಪ್ರಶ್ನೆ. ತೋಟಕ್ಕೆ ಬೇಕಾದುದು ಬುಡದ ಹಬ್ಬುಬಳ್ಳಿ. ಚೆನ್ನಾಗಿ ಫಲಿಸುವ, ನಡುವಯಸ್ಸಿನ, ರೋಗವಿಲ್ಲದ ತಾಯಿಬಳ್ಳಿಯನ್ನು ಹಿಂದಿನ ಸುಗ್ಗಿಯಲ್ಲೇ ಗುರುತುಮಾಡಿಕೊಂಡು, ಅದರ ಹಬ್ಬುಬಳ್ಳಿಗಳು ನೆಲದಲ್ಲಿ ಬೇರೂರದಂತೆ ಬುಡದ ಬಳಿ ನೆಟ್ಟ ಗೂಟಕ್ಕೆ ಸುತ್ತಿಡಬೇಕು. ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಅವನ್ನು ಕತ್ತರಿಸಿ, ತೀರ ಎಳೆಯದಾದ ತುದಿಯನ್ನೂ ತೀರ ಬಲಿತ ಬುಡವನ್ನೂ ಬಿಟ್ಟು, ನಡುಭಾಗವನ್ನು ಎರಡು ಮೂರು ಗಿಣ್ಣಿನ ತುಂಡುಗಳಾಗಿ ಮಾಡಿ, ತೊಟ್ಟಿನ ಗುರುತು ಉಳಿಯುವಂತೆ ಎಲೆ ತೆಗೆದು, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಿದ ಚೀಲಗಳಲ್ಲಿ ಕನಿಷ್ಠ ಒಂದು ಗಿಣ್ಣು ಮಣ್ಣೊಳಗಿರುವಂತೆ ಊರಿ, ನೆರಳಿನಲ್ಲಿ ದಿನವೂ ಹದವಾಗಿ ನೀರು ಚಿಮುಕಿಸುತ್ತಿದ್ದರೆ ಮುಂಗಾರಿನ ವೇಳೆಗೆ ಸಸಿ ಸಿದ್ಧ. ಸೀಳಿದ ಬಿದಿರಿನ ದೋಣಿಗಳಲ್ಲಿ ಗೊಬ್ಬರಮಣ್ಣು ತುಂಬಿ ಬಳ್ಳಿಯನ್ನು ಓರೆಯಾಗಿ ಹಬ್ಬಿಸಿ, ಗಿಣ್ಣು ಗಿಣ್ಣಿಗೂ ಬೇರು ಬರಿಸಿ ತುಂಡರಿಸುವ ಶೀಘ್ರ ಸಂವರ್ಧನ ವಿಧಾನವೂ ಉಂಟು. ಇದು ಸಿಂಹಳದಿಂದ ಬಂದುದು. ಪಾರ್ಶ್ವಶಾಖೆಯನ್ನು ನೆಟ್ಟರೆ ಬಳ್ಳಿಯಾಗದೆ ಗಿಡ್ಡ ಪೊದೆಯಾಗುವುದು. ಅದರ ಉಪಯೋಗವನ್ನು ಮುಂದೆ ಹೇಳಲಾಗುವುದು.

ಆಸರೆಯ ಮರದ ಆಯ್ಕೆಯಲ್ಲಿ ಬಹಳ ಮಂದಿ ಅವಸರ ತೋರುವರು. ತೊಗಟೆ ಒರಟಾಗಿರಬೇಕು, ಸಿಪ್ಪೆ ಸುಲಿದು ಬೀಳಬಾರದು, ಕೊಂಬೆ ಕಡಿದರೆ ಮರಳಿ ಚಿಗುರಬೇಕು. ಹಾಲವಾಣವು ಹಿಂದಿನಿಂದಲೂ ಮೆಚ್ಚಿನ ಆಸರೆಯಾಗಿದ್ದು, ಗೂಟ ನೆಟ್ಟರೆ ಚಿಗುರುವ, ಮಣ್ಣಿಗೆ ಸಾರಜನಕ ಕೂಡಿಸುವ ಸುಗುಣಗಳಿಂದ ಎಲ್ಲೆಡೆ ಹಬ್ಬಿತ್ತು. ಎಲೆ ಕುಡಿಗಳಲ್ಲಿ ಗಂಟು ಕಟ್ಟಿಸುವ ಸಣ್ಣ ಕಣಜವೊಂದು ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ತಗುಲಿ ಅಪಾರ ಹಾನಿಮಾಡಿತು. ಕಾಫಿ ಸೀಮೆಯಲ್ಲಿ ಸಿಲ್ವರ್ ಓಕ್, ಮನೆಯ ಹಿತ್ತಿಲಲ್ಲಿ ಹಲಸು ಮಾವುಗಳು, ಸಿರಸಿಯ ಭಾಗಾಯ್ತಿನಲ್ಲಿ ಅಡಕೆ ಮರವೇ ಆಸರೆ. ಅಡಕೆಗೆ ಹಬ್ಬಿಸುವಾಗ ಮರಕ್ಕೆ ಎಂಟು ಹತ್ತು ವರ್ಷವಾದರೂ ತುಂಬಿರಬೇಕೆಂದು ಅನುಭವಿಗಳು ಹೇಳುವುದರಲ್ಲಿ ಅರ್ಥವಿದೆ. ಎಳೆಮರದ ನುಣುಪು ಕಾಂಡವನ್ನು ಬಳ್ಳಿ ಸುಲಭವಾಗಿ ಹಿಡಿಯದು.

ಮರದಿಂದ ಸುಮಾರು 30 ಸೆಂಟಿಮೀಟರು ದೂರದಲ್ಲಿ, ಉತ್ತರ ಅಥವಾ ಈಶಾನ್ಯ ಮಗ್ಗುಲಿನಲ್ಲಿ, ಅರ್ಧ ಮೀಟರು ಉದ್ದಗಲ ಆಳದ ಗುಂಡಿ ತೆಗೆದು, ಮೇಲ್ಮಣ್ಣು ಗೊಬ್ಬರಗಳಿಂದ ತುಂಬಿ, ಮಳೆ ಹಿಡಿದ ಮೇಲೆ ಎರಡು ಮೂರು ಸಸಿಗಳನ್ನು ನೆಡುವರು. ಉತ್ತರದ ಮಗ್ಗುಲೇ ಏಕೆಂದರೆ, ಬೇಸಗೆಗೆ ಮುಂಚಿನ ತಿಂಗಳುಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವಾಗ ಮರದ ಕಾಂಡವೇ ಎಳೆಬಳ್ಳಿಗೆ ನೆರಳಾಗುವುದು. ಇದೇ ಕಾರಣಕ್ಕೆ ತೆಂಕಣಕ್ಕೂ ಪಡುವಣಕ್ಕೂ ಮೊಗಮಾಡಿದ ಬೋಳು ಇಳಿಜಾರುಗಳು ಮೆಣಸಿಗೆ ಒಗ್ಗವು. ಗುಂಡಿಯಲ್ಲಿ ನೀರು ನಿಲ್ಲಲೇಬಾರದು. ಏರಿದಂತೆಲ್ಲ ಕಾಂಡವನ್ನು ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತ ಹೋಗಬೇಕು. ಬುಡವನ್ನು ತರಗೆಲೆಯಿಂದ ಮುಚ್ಚಬೇಕು, ಗುದ್ದಲಿಯನ್ನು ದೂರವಿಡಬೇಕು. ಆಹಾರ ಹೀರುವ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿರುವುದರಿಂದ, ಬುಡವನ್ನು ಅಗೆದು ಹಸನು ಮಾಡುವ ಅತಿಕಾಳಜಿಯ ತೋಟಗಾರನು ಕಳೆಗಿಂತ ಹೆಚ್ಚಾಗಿ ಬಳ್ಳಿಗೇ ಕೇಡು ಬಗೆಯುತ್ತಾನೆ. ವರ್ಷಕ್ಕೆ ಬಳ್ಳಿಗೆ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರ ಇಲ್ಲವೆ ಎಲೆಗೊಬ್ಬರ, ಹುಳಿಮಣ್ಣಾದರೆ ವರ್ಷ ಬಿಟ್ಟು ವರ್ಷ ಅರ್ಧ ಕಿಲೋ ಸುಣ್ಣ ಸಾಕೆನ್ನಬಹುದು. ಮುಂಗಾರಿಗೆ ಮುನ್ನ ಆಸರೆಯ ಕೊಂಬೆಗಳನ್ನು ಸವರಿ ಬೆಳಕು ಬಿಡುವುದು ಮಾತ್ರ ತಪ್ಪಬಾರದು: ಮೆಣಸಿಗೆ ನೆರಳು ಬೇಕು, ಕತ್ತಲೆ ಬೇಡ. ಮೂರನೆಯ ವರ್ಷಕ್ಕೆ ಕದಿರು ಕಾಣಿಸಿಕೊಂಡು, ಏಳೆಂಟನೆಯ ವರ್ಷಕ್ಕೆ ಫಸಲು ತುಂಬಿ, ಇಪ್ಪತ್ತು ವರ್ಷ ದಾಟಿದ ಮೇಲೆ ಇಳಿಮುಖವಾಗುವುದು ಸಾಮಾನ್ಯ.

ತಳಿಗಳ ಸಂಖ್ಯೆ ದೊಡ್ಡದು. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಮಲ್ಲಿಗೆಸರ, ಉದ್ದಗೆರೆ, ದೊಡ್ಡಿಗ್ಯ, ಅರಿಶಿನಮುರಟ್ಟ, ಕುರಿಮಲೆ ಮೊದಲಾದವು ಪ್ರಸಿದ್ಧ. ಕೇರಳದ ಕರಿಮುಂಡವು ಎಲ್ಲೆಡೆಯೂ ಪರಿಚಿತ. 1952ರಲ್ಲಿ ಕಣ್ಣೂರಿನ ಸಮೀಪ ಸ್ಥಾಪಿತವಾದ ಪಣ್ಣಿಯೂರು ಸಂಶೋಧನ ಕೇಂದ್ರದಲ್ಲಿ ಎರಡು ನಾಡತಳಿಗಳನ್ನು ಕೂಡಿಸಿ ಪಡೆದ ಪಣ್ಣಿಯೂರು-1 ಜಗತ್ತಿನ ಮೊದಲ ಸಂಕರ ಮೆಣಸು. ಉದ್ದ ಕದಿರು, ದಪ್ಪ ಕಾಳಿನ ಈ ತಳಿಯ ಕೀರ್ತಿಯನ್ನು ಕೇಳಿ ಅದನ್ನು ದಟ್ಟನೆರಳಿನ ತೋಟಕ್ಕೆ ತಂದವರು ನಿರಾಶರಾದುದುಂಟು. ಅದು ಬೆಳಕನ್ನು ಬೇಡುವ ತಳಿ. ನೆರಳಿನ ಕಾಫಿ ತೋಟಕ್ಕೋ ಅಡಕೆ ತೋಟಕ್ಕೋ ಕರಿಮುಂಡವೂ ಆಯಾ ಸೀಮೆಯ ನಾಡತಳಿಗಳೂ ಲೇಸೆಂದು ಈ ಲೇಖಕನ ಅಭಿಪ್ರಾಯ. ಕೋಳಿಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನ ಸಂಸ್ಥೆಯು ಹೊರತಂದ ತಳಿಗಳ ಪೈಕಿ ಜಂತುಹುಳುಗಳನ್ನು ತಾಳುವ ಪೌರ್ಣಮಿ, ಬುಡಕೊಳೆಯನ್ನು ತಾಳುವ ಶಕ್ತಿ, ತೇವಂ ಎಂಬಿವು ಹೆಸರಿಸತಕ್ಕವು.

ಬುಡಕೊಳೆ, ಅಂದರೆ ಶೀಘ್ರ ಸೊರಗು ರೋಗ, ಮೆಣಸಿನ ಬೇಸಾಯಗಾರನ ಪರಮಶತ್ರು. ಫೈಟಾಫ್ತರ ಕ್ಯಾಪ್ಸಿಸೈ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಇದರ ಕಾರಣ; ಅಡಕೆಯ ಕೊಳೆರೋಗವನ್ನು ತರುವುದೂ ಇದೇ ಕುಲದ ಜೀವಿ. ಜಡಿಮಳೆಯ ದಿನಗಳಲ್ಲಿ ಎಲೆಗಳ ಮೇಲೆ ಅಂಚು ಜಾಲರಿಯಂತಾದ ಕಪ್ಪು ಮಚ್ಚೆಗಳು ಮೂಡಿ, ಬುಡದ ಕಾಂಡ ಕೊಳೆತು, ನಿನ್ನೆ ನಳನಳಿಸುತ್ತಿದ್ದ ಬಳ್ಳಿ ಒಂದೆರಡು ವಾರಗಳಲ್ಲಿ ಎಲೆ, ಗಿಣ್ಣುಗಳನ್ನು ಉದುರಿಸಿ ಸಾಯುವುದು. ಇದಕ್ಕೆ ಮದ್ದಿಗಿಂತ ಮುಂಜಾಗ್ರತೆಯೇ ಮೇಲು: ನೀರು ಬಸಿಯುವ ಕಾಲುವೆ, ನೆಲ ತಾಗುವ ಹಬ್ಬುಬಳ್ಳಿಗಳನ್ನು ಮಳೆಗೆ ಮುನ್ನ ಕತ್ತರಿಸುವುದು, ಸತ್ತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡುವುದು, ಮಳೆ ಹಿಡಿಯುವ ಮೊದಲೊಮ್ಮೆ ಮತ್ತು ಮಳೆಗಾಲದ ನಡುವಣ ಹೊಳವಿನಲ್ಲಿ ಇನ್ನೊಮ್ಮೆ ನೂರಕ್ಕೊಂದರ ಬೋರ್ಡೋ ದ್ರಾವಣದ ಸಿಂಪಡಣೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನನು ಕಳೆದ ಶತಮಾನದ ಎರಡನೆಯ ದಶಕದ ಸುಮಾರಿಗೆ ಅಡಕೆಯ ಕೊಳೆಗೆ ಬಳಕೆಗೆ ತಂದ ಈ ಔಷಧ ಮಲೆನಾಡಿಗೆ ಹೊಸತಲ್ಲ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೊದಲನೆಯದನ್ನು ಎರಡನೆಯದಕ್ಕೆ ಕದಡುತ್ತ ಸುರಿಯತಕ್ಕದ್ದು. ಲೋಹದ ಪಾತ್ರೆ ಸಲ್ಲದು. ಹೊಳಪುಳ್ಳ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಕೆಂಪು ಲೇಪ ಕಂಡರೆ ತಾಮ್ರ ಮಿಗಿಲಾಯಿತೆಂದರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ವರ್ಷಗಟ್ಟಲೆ ಹಳದಿಯಾಗುತ್ತ ಕ್ಷೀಣಿಸುವ ನಿಧಾನ ಸೊರಗಿಗೆ ಬೇರನ್ನು ಕೊರೆಯುವ ಜಂತುಹುಳುಗಳು ಕಾರಣ. ಕಾಳನ್ನು ಟೊಳ್ಳು ಮಾಡುವ ಪೊಳ್ಳುದುಂಬಿಯು ದಟ್ಟನೆರಳಿನಲ್ಲೇ ಹೆಚ್ಚಾಗಿ ಕಾಣಿಸುವುದು. ನೀರು ನಿಲ್ಲುವ ಅಡಕೆ ತೋಟಗಳಲ್ಲಿ, ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರೈನಮ್ ಎಂಬ ಕೊಳೆನಿರೋಧಕ ಜಾತಿಯ ಬೇರುಗಿಡದ ಮೇಲೆ ನಮ್ಮ ಮೆಣಸನ್ನು ಕಸಿಮಾಡಿ ನೆಡುವ ಪರಿಪಾಠ ಸಿರಸಿ, ಸಾಗರಗಳ ಕಡೆ ಬೆಳೆದಿದೆ. ಆದರೆ ಆ ಬೇರು ಬೇಸಗೆಯ ನೀರಿನ ಕೊರತೆಯನ್ನು ಸಹಿಸದು.

ಕೊಯ್ಲು ಸಾಮಾನ್ಯವಾಗಿ ಡಿಸೆಂಬರಿನಿಂದ ಮಾರ್ಚಿಯವರೆಗೆ. ಕದಿರಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಬಿದಿರಿನ ಏಣಿ ಹಾಕಿ ಇಡೀ ಕದಿರನ್ನೇ ಚಿವುಟುವರು. ತುಳಿದೋ ಯಂತ್ರದಿಂದಲೋ ಬಿಡಿಸಿದ ಕಾಳನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹರಡಿದರೆ ಬಣ್ಣ ಒಂದೇ ಸಮನಾಗಿ ಬರುವುದು. ನಾಲ್ಕರಿಂದ ಏಳು ದಿನದ ಒಳ್ಳೆಯ ಬಿಸಿಲು ಬೇಕು. ನೂರು ಕಿಲೋ ಹಸಿಕಾಳು ಮೂವತ್ತಮೂರರ ಆಸುಪಾಸಿಗೆ ಇಳಿಯುವುದು. ಪೂರ್ಣ ಹಣ್ಣಾದ ಕಾಳನ್ನು ವಾರದಷ್ಟು ಕಾಲ ನೀರಿನಲ್ಲಿ ನೆನೆಸಿ ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದ್ದು ಬಿಳಿಮೆಣಸು. ಕಪ್ಪಿಗೂ ಬಿಳಿಗೂ ಬಳ್ಳಿ ಬೇರೆಯಲ್ಲ. ಖಾರಕ್ಕೆ ಕಾರಣವಾದ ಪೈಪರೀನ್ ಎಂಬ ಕ್ಷಾರಾಭವನ್ನು 1819ರಲ್ಲಿ ಬೇರ್ಪಡಿಸಿದವನು ಡೆನ್ಮಾರ್ಕಿನ ಅರ್ಸ್ಟೆಡ್; ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದನ್ನು ಮರುವರ್ಷವೇ ಲೋಕಕ್ಕೆ ತೋರಿಸಿಕೊಟ್ಟವನೂ ಆತನೇ.

ತೋಟವಿಲ್ಲದ ಪಟ್ಟಣವಾಸಿಗೆ ಪೊದೆಮೆಣಸು ಉಚಿತವಾದುದು. ಒಂದು ವರ್ಷ ಬಲಿತ ಪಾರ್ಶ್ವಶಾಖೆಯ ತುಂಡುಗಳನ್ನು ತೇವವಾದ ನೆರಳಿನಲ್ಲಿ ಬೇರು ಬರಿಸಿ, ಹತ್ತು ಕಿಲೋ ಮಣ್ಣು ಹಿಡಿಯುವ ಕುಂಡದಲ್ಲಿ ನೆಟ್ಟರೆ, ಏರುವ ಹಂಬಲವೇ ಇಲ್ಲದ ಗಿಡವು ಮೊದಲ ವರ್ಷದಲ್ಲೇ ಕದಿರು ಬಿಟ್ಟು, ನೀರು ಗೊಬ್ಬರ ತಪ್ಪದಿದ್ದರೆ ವರ್ಷದ ಬಹುಭಾಗ ಅಲ್ಲಲ್ಲಿ ಕಾಳು ಕೊಡುತ್ತಿರುವುದು. ಇಂಥ ತುಂಡುಗಳಲ್ಲಿ ಬೇರು ಬರುವುದು ಹಬ್ಬುಬಳ್ಳಿಗಿಂತ ಕಷ್ಟ. ಹತ್ತು ನೆಟ್ಟು ಕೆಲವು ಹಿಡಿದರೂ ಕೆಲಸ ಸಾರ್ಥಕವೆನ್ನಬೇಕು. ಮುಂಜಾನೆಯ ಬಿಸಿಲು ತಾಗುವ, ಮಧ್ಯಾಹ್ನದ ಬಿಸಿಲು ತಾಗದ ಮೂಲೆ ಅದಕ್ಕೆ ಹಿತ.

ಕಾಡಿನ ಬಳ್ಳಿಯನ್ನೇ ಹಿತ್ತಿಲಿಗೆ ತರಬೇಕೆಂಬ ಆಸಕ್ತಿಯುಳ್ಳವರು, ಸರ್ಕಾರಿ ಅರಣ್ಯದಿಂದ ಕುಡಿ ತೆಗೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಅವಶ್ಯವೆಂಬುದನ್ನು ನೆನಪಿಡತಕ್ಕದ್ದು. ಸ್ವಂತ ಬೆಟ್ಟದಲ್ಲೋ ಕಾನಿನಂಚಿನ ತೋಟದಲ್ಲೋ ಬಳ್ಳಿಯಿದ್ದವರಿಗೆ ಆ ತೊಡಕಿಲ್ಲ. ಹೂವಿಲ್ಲದ ಬಳ್ಳಿಯಲ್ಲಿ ಗಂಡು ಹೆಣ್ಣುಗಳನ್ನು ಎಲೆಯಿಂದ ಹೇಳುವ ಉಪಾಯ ತೋಟಿಗನಿಗಿಲ್ಲ. ಆದಕಾರಣ ಕಾಳು ಕಟ್ಟಿದ ಕದಿರನ್ನು ಕಣ್ಣಾರೆ ಕಂಡು, ಅದೇ ಬಳ್ಳಿಯ ಬುಡದ ಹಬ್ಬುಬಳ್ಳಿಗೆ ಗುರುತು ಕಟ್ಟಿ, ಕುಡಿಯನ್ನು ಚೈತ್ರಕ್ಕೆ ಮೊದಲೇ ತೆಗೆಯಬೇಕು. ಕಾಳು ಕಟ್ಟದೆ ಬಾಡಿ ಉದುರುವ ಕದಿರುಗಳ ಗಂಡು ಬಳ್ಳಿಯೊಂದನ್ನು, ಇಲ್ಲವೆ ದ್ವಿಲಿಂಗಿಯಾದ ತೋಟದ ತಳಿಯೊಂದನ್ನು, ಪಕ್ಕದ ಮರಕ್ಕೆ ಹಬ್ಬಿಸಿದ್ದರೆ ಹೆಣ್ಣು ಬಳ್ಳಿಯ ಕದಿರಿನಲ್ಲಿ ಕಾಳು ಕಚ್ಚುವುದು. ಅದರ ಕಾಳು ಸಣ್ಣದು, ಕದಿರು ಗಿಡ್ಡ, ಅಂಗಡಿಯ ತಕ್ಕಡಿಗೆ ಅದು ಲಾಭದ ಬೆಳೆಯಲ್ಲ. ಸೊರಗು ರೋಗವನ್ನೂ ಪೊಳ್ಳುದುಂಬಿಯನ್ನೂ ತಾಳಬಲ್ಲ ಹೊಸ ತಳಿಗಳಿಗಾಗಿ ಸಂಶೋಧಕರು ಕಾನುಗಳಲ್ಲಿ ಹುಡುಕುತ್ತಿರುವುದು ಮಾತ್ರ ಇಂಥ ಬಳ್ಳಿಗಳನ್ನೇ.